ಲೆವೆಲ್ಲಣ್ಣ ಮತ್ತು ಬೀಗಿತ್ತಿಯ ಮನೆಯ ಹೊಗೆ ಪೈಪು

ಲೆವೆಲ್ಲಣ್ಣ ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುವುದಿಲ್ಲ, ಗೋಡೆಯ ಮೇಲಿನ ಫೋಟೋ ನೋಡುತ್ತಾನೆ. ಅದು ಕೂದಲೆಳೆಯಷ್ಟು ವಾರೆಯಾಗಿದ್ದರೂ ಅವನಿಗೆ ಕೂತಲ್ಲಿ ಕೂರಲಾಗದು. ಕೊಟ್ಟ ಕಾಫಿ ಆರಿಹೋಗುತ್ತಿದ್ದರೂ ಎದ್ದು ಹೋಗಿ, ಎರಡು ಬೆರಳಿನಿಂದ ಚೌಕಟ್ಟನ್ನು ತಟ್ಟಿ ಸರಿಮಾಡಿ, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆಯೇ "ಹೇಗಿದ್ದೀರಿ" ಎಂದು ಕೇಳುವುದು. ಕಸುಬಿನಲ್ಲಿ ಅವನು ಪ್ಲಂಬರ್. ಅದರಲ್ಲೂ ಮನೆಗಳಿಗೆ ಬಿಸಿನೀರಿನ ಗ್ಯಾಸ್ ಬಾಯ್ಲರ್ ಕೂರಿಸುವುದು, ಅದಕ್ಕೆ ತಣ್ಣೀರು ಹೋಗುವ ಪೈಪು, ಬಿಸಿನೀರು ಬರುವ ಪೈಪು ಎಳೆಯುವುದು, ಅದರ ಹೊಗೆಯನ್ನು ಗೋಡೆ ದಾಟಿಸಿ ಹೊರಗೆ ಬಿಡುವುದು ಅವನ ಕೆಲಸ. ಬೇರೆಯವರು ಜೇಬಿನಲ್ಲಿ ಪೆನ್ನು ಇಟ್ಟುಕೊಂಡಂತೆ ಇವನು ಮಟ್ಟ ನೋಡುವ ಗೇಣುದ್ದದ ಸ್ಪಿರಿಟ್ ಲೆವೆಲ್ ಇಟ್ಟುಕೊಂಡಿರುತ್ತಾನೆ. ಹಳದಿ ಪಟ್ಟಿ, ನಡುವೆ ಗಾಜಿನ ನಳಿಗೆ, ಅದರೊಳಗೆ ಹಸಿರು ನೀರು, ನೀರಿನಲ್ಲಿ ಒಂದು ಗುಳ್ಳೆ. ಆ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತರೆ ಅವನ ಜೀವಕ್ಕೆ ನೆಮ್ಮದಿ. ಹೆತ್ತವರು ಇಟ್ಟ ಹೆಸರು ಈಗ ಅವನಿಗೂ ಸಹಿ ಹಾಕುವಾಗ ಮಾತ್ರ ನೆನಪಾಗುತ್ತದೆ.

"ಒಂದ್ಸಲ ಅದನ್ನ ನಿಮ್ಮ ತಲೆ ಮೇಲಿಟ್ಟು ನೋಡ್ಕೊಳ್ರೀ" ಎಂದು ಹೆಂಡತಿ ಆಗಾಗ ಹೇಳುವುದುಂಟು. "ಗುಳ್ಳೆ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ನನಗೂ ನೋಡ್ಬೇಕು."

ಗುಳ್ಳೆ ಎಲ್ಲಿ ನಿಂತಿತು ಎನ್ನುವುದೇ ಈ ಕಥೆ. ಇದನ್ನು ಊರೆಲ್ಲ ಹೇಳಿಕೊಂಡು ತಿರುಗುವವನು ಲೆವೆಲ್ಲಣ್ಣನೇ. ಕೇಳುವವರು ನಗುವ ಮೊದಲೇ ತಾನು ನಕ್ಕುಬಿಡುತ್ತಾನೆ. ಬೇರೆಯವರು ಮುಖಕ್ಕೆ ಮಸಿ ಬಳಿಯುವ ಮೊದಲು ತಾನೇ ಬಳಿದುಕೊಂಡರೆ ಚೊಕ್ಕವಾಗಿ ಬಳಿದುಕೊಳ್ಳಬಹುದು ಎನ್ನುವುದು ಅವನ ಲೆಕ್ಕಾಚಾರ.

ಅವನ ಕೆಲಸದಲ್ಲಿ ನೇರ ಇರಬಾರದ ವಸ್ತು ಒಂದೇ ಒಂದು, ಬಾಯ್ಲರಿನ ಹೊಗೆ ಪೈಪು. ಅದು ಬಾಯ್ಲರಿನಿಂದ ಹೊರಟು ಹೊರಗೋಡೆಗೆ ಮುಟ್ಟುವಷ್ಟರಲ್ಲಿ ಸ್ವಲ್ಪ ಏರಿರಬೇಕು. ಹೊಗೆ ಬಿಸಿಯಾದದ್ದು, ಹಗುರಾದದ್ದು, ಏರು ಸಿಕ್ಕರೆ ಹತ್ತಿಕೊಂಡು ಹೊರಟುಹೋಗುತ್ತದೆ. ಪೈಪು ಮಟ್ಟಸವಾಗಿ ಮಲಗಿದ್ದರೆ ಹೋಗಲೋ ಬೇಡವೋ ಎಂದು ನಿಂತುಬಿಡುತ್ತದೆ, ತಣ್ಣಗಾಗಿ ಒಳಗೇ ನೀರು ಕಟ್ಟುತ್ತದೆ, ಕೊನೆಗೆ ಬಂದ ದಾರಿಯಲ್ಲೇ ಕೋಣೆಗೆ ವಾಪಸು ಬರುತ್ತದೆ. ಬರುವಾಗ ಹೇಳಿ ಬರುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಮನೆಯಲ್ಲಿ ಮೊದಲು ತಲೆನೋವು, ಆಮೇಲೆ ನಿದ್ದೆ, ಆ ನಿದ್ದೆಯಿಂದ ಏಳುವ ಭರವಸೆ ಇಲ್ಲ. ಲೆವೆಲ್ಲಣ್ಣ ಇದನ್ನು ಪ್ರತಿ ಗಿರಾಕಿಗೂ ಭಾಷಣ ಮಾಡಿಯೇ ಬಾಯ್ಲರ್ ಹೊತ್ತಿಸುತ್ತಿದ್ದ. "ನೀರಿಗೆ ನೇರ, ಹೊಗೆಗೆ ಏರ" ಎಂದು ತಾನೇ ಕಟ್ಟಿದ ಗಾದೆಯನ್ನು ಕೊನೆಗೆ ಸೇರಿಸುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಈ ಭಾಷಣವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ, ಅವನದೇ ಧಾಟಿಯಲ್ಲಿ, ಬೆರಳೆತ್ತಿ, ಬಂದವರ ಮುಂದೆಲ್ಲ ಒಪ್ಪಿಸುತ್ತಿದ್ದಳು.

ಆ ಮಗಳಿಗೆ ಮದುವೆಯಾಗಿ, ಮೊಮ್ಮಗಳೂ ಹುಟ್ಟಿದ ಮೇಲೆ, ಬೀಗರ ಮನೆಗೆ ಬಾಯ್ಲರ್ ಕೂರಿಸುವ ಯೋಗ ಲೆವೆಲ್ಲಣ್ಣನಿಗೆ ಬಂತು. ಕೂಸಿಗೆ ದಿನಾ ಬಿಸಿನೀರು ಬೇಕಲ್ಲ. ಬೇರೆ ಯಾರನ್ನಾದರೂ ಕರೆಸುತ್ತೇವೆ ಎಂದು ಅಳಿಯ ಅಂದಾಗ ಲೆವೆಲ್ಲಣ್ಣನಿಗೆ ಸಿಟ್ಟೇ ಬಂದಿತ್ತು.

ಆದರೆ ಆ ಮನೆಯಲ್ಲಿ ಬೀಗಿತ್ತಿ ಇದ್ದರು. ದರ್ಜಿ ಕೆಲಸದವರು. ಕೊರಳಲ್ಲಿ ಸದಾ ಅಳತೆ ಟೇಪು, ತುಟಿಯಂಚಿನಲ್ಲಿ ಗುಂಡುಸೂಜಿ, ಕಣ್ಣು ಮಾತ್ರ ಗುಂಡುಸೂಜಿಗಿಂತ ಚೂಪು. ಮೊದಲ ಸಲ ಭೇಟಿಯಾದಾಗಲೇ ಲೆವೆಲ್ಲಣ್ಣನನ್ನು ಮೇಲಿಂದ ಕೆಳಗೆ ನೋಡಿ, "ಬೀಗರೇ, ನಿಮ್ಮ ಕಾಲರ್ ಎಡಗಡೆ ಒಂದು ದಾರದಷ್ಟು ಕೆಳಗಿದೆ" ಎಂದಿದ್ದರು. ಜಗತ್ತಿನ ಸೊಟ್ಟವನ್ನೆಲ್ಲ ಹಿಡಿಯುತ್ತಿದ್ದವನ ಕೊರಳಲ್ಲೇ ಸೊಟ್ಟ ಸಿಕ್ಕಿತ್ತು. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎಂದು ಕೇಳಿದ್ದ, ಕೊರಳೂ ಕಾಣುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಆ ಅಂಗಿಯನ್ನು ಅವನು ಮತ್ತೆ ತೊಡಲಿಲ್ಲ. ಅವತ್ತಿನಿಂದ ಬೀಗಿತ್ತಿಯ ಬಾಯಿಂದ ಒಂದೇ ಒಂದು ಸಲ "ಸರಿಯಾಗಿದೆ" ಎನಿಸಿಕೊಳ್ಳಬೇಕು ಎನ್ನುವುದು ಅವನ ಜೀವನದ ಗುರಿಯಾಯಿತು. ಈ ಗುರಿಯ ವಿಷಯ ಅವನು ಹೆಂಡತಿಗೂ ಹೇಳಿರಲಿಲ್ಲ.

ಅಡುಗೆಮನೆಯ ಹಿಂದೆ ಒಂದು ಪುಟ್ಟ ಕೋಣೆ. ಒಂದು ಬಾಗಿಲು ಅಡುಗೆಮನೆಗೆ, ಇನ್ನೊಂದು ಬಚ್ಚಲಿಗೆ. ಅಡುಗೆಮನೆಯ ಆ ಕಡೆಯೇ ಬೀಗಿತ್ತಿಯ ಹೊಲಿಗೆ ಯಂತ್ರ. ಪುಟ್ಟ ಕೋಣೆಯ ಗೋಡೆಗೆ ಬಿಳಿ ಟೈಲ್ಸು, ತಲೆಯ ಎತ್ತರದಲ್ಲಿ ಗೋಡೆಯುದ್ದಕ್ಕೂ ಒಂದು ನೀಲಿ ಪಟ್ಟಿ. ಲೆವೆಲ್ಲಣ್ಣ ಆ ದಿನ ಕೆಲಸ ಮಾಡಲಿಲ್ಲ, ಕಸೂತಿ ಹಾಕಿದ. ತಾಮ್ರದ ಪೈಪುಗಳು ಸ್ಕೇಲು ಇಟ್ಟು ಎಳೆದ ಗೆರೆಗಳಂತೆ ಇಳಿದವು. ತಿರುವುಗಳು ಒಂದರ ಪಕ್ಕ ಒಂದು ಕವಾಯತು ನಿಂತವು. ವಾಲ್ವುಗಳ ಹಿಡಿಗಳು ಕೂಡ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಕೊನೆಗೆ ಹೊರಗೋಡೆಯ ಮೇಲ್ಭಾಗದಲ್ಲಿ ತೂತು ಕೊರೆದು, ಹೊಗೆ ಪೈಪನ್ನು ನಿಯಮದ ಪ್ರಕಾರ ಏರಿಸಿ ಹೊರಗೆ ಬಿಟ್ಟ.

ಬೀಗಿತ್ತಿ ಬಂದರು. ತಲೆ ವಾಲಿಸಿದರು. ಒಂದು ಕಣ್ಣು ಮುಚ್ಚಿದರು. ಅದು ಲೆವೆಲ್ಲಣ್ಣನದೇ ಭಂಗಿ. ಇನ್ನೊಬ್ಬರ ಮೈಮೇಲೆ ನೋಡಿದಾಗ ಅದು ಎಷ್ಟು ಕಿರಿಕಿರಿ ಎಂದು ಅವನಿಗೆ ಮೊದಲ ಬಾರಿಗೆ ಅರ್ಥವಾಯಿತು.

"ಎಲ್ಲ ಚೆನ್ನಾಗಿದೆ ಬೀಗರೇ. ಆ ದಪ್ಪ ಪೈಪು ಮಾತ್ರ ಸೊಟ್ಟ ಇದೆಯಲ್ಲ. ನೀಲಿ ಗೆರೆ ಪಕ್ಕ ಎದ್ದು ಕಾಣುತ್ತೆ."

ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಈಗ ಭಾಷಣ ಶುರುವಾಗುತ್ತದೆ ಎಂದು ಅವಳ ತುಟಿಯಲ್ಲಿ ಆಗಲೇ ನಗೆ ಇತ್ತು. ಲೆವೆಲ್ಲಣ್ಣನೂ ಬಾಯಿ ತೆರೆದ. ಆದರೆ ಅಷ್ಟರಲ್ಲಿ ಮನಸ್ಸಿಗೆ ಬೇರೆಯೇ ಒಂದು ಯೋಚನೆ ಹೊಕ್ಕಿತು. ಸೊಟ್ಟವೇ ಸರಿ ಎಂದು ಈಗ ಹೇಳಿದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದುಕೊಳ್ಳುವುದಿಲ್ಲವೇ ಈಕೆ? ಕಾಲರೂ ಸೊಟ್ಟ, ಪೈಪೂ ಸೊಟ್ಟ, ಮೇಲೆ ಸಮಜಾಯಿಷಿ ಬೇರೆ. ಊರೆಲ್ಲ ಲೆವೆಲ್ಲಣ್ಣ ಎಂದು ಕರೆಯುವ ಮನುಷ್ಯ ಮಗಳು ಸೇರಿದ ಮನೆಯಲ್ಲಿ ಸೊಟ್ಟ ಪೈಪು ಬಿಟ್ಟುಹೋದ ಎಂದಾಗಬೇಕೇ?

"ಹೌದಲ್ವಾ. ಈಗಲೇ ಸರಿ ಮಾಡ್ತೀನಿ" ಎಂದ.

ಮಗಳ ತುಟಿಯ ನಗೆ ಅಲ್ಲೇ ನಿಂತಿತು. ಅವನು ಅತ್ತ ನೋಡಲಿಲ್ಲ. ಕೆಳಗೆ ಇನ್ನೊಂದು ತೂತು ಕೊರೆದು, ಮೇಲಿನದಕ್ಕೆ ಸಿಮೆಂಟು ಮೆತ್ತಿ, ಹೊಗೆ ಪೈಪನ್ನು ನೀಲಿ ಪಟ್ಟಿಗೆ ಸರಿಸಮನಾಗಿ ಮಲಗಿಸಿದ. ಗುಳ್ಳೆ ಎರಡು ಗೆರೆಗಳ ನಡುವೆ ಬಂದು ಕೂತಿತು. ಇಷ್ಟು ಚಿಕ್ಕ ಪೈಪು, ಮಾರುದ್ದವೂ ಇಲ್ಲ, ಇಷ್ಟರಲ್ಲಿ ಹೊಗೆಗೆ ದಾರಿ ತಪ್ಪುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡ. ಬೇರೆ ಪ್ಲಂಬರ್ ಯಾರಾದರೂ ಹೀಗೆ ಹೇಳಿದ್ದರೆ ಅವನ ಕಿವಿ ಹಿಂಡುತ್ತಿದ್ದ. ಮನಸ್ಸಿನ ಸಮಾಧಾನಕ್ಕೆ ಬೆಂಕಿಕಡ್ಡಿ ಗೀರಿ, ಆರಿಸಿ, ಅದರ ಹೊಗೆಯನ್ನು ಬಾಯ್ಲರಿನ ತಲೆಯ ಮೇಲೆ ಪೈಪು ಶುರುವಾಗುವ ಜಾಗಕ್ಕೆ ಹಿಡಿದ. ಹೊಗೆ ವಿಧೇಯವಾಗಿ ಒಳಗೆ ಹೋಯಿತು. ಹೋಗದೆ ಏನು ಮಾಡೀತು, ಕೊರೆದ ದೂಳು ಹೋಗಲಿ ಎಂದು ಕಿಟಕಿ, ಬಾಗಿಲು ಎಲ್ಲ ತೆರೆದೇ ಇದ್ದವು.

"ಈಗ ಸರಿಯಾಗಿದೆ" ಎಂದರು ಬೀಗಿತ್ತಿ.

ಆ ಸಂಜೆ ಲೆವೆಲ್ಲಣ್ಣ ಸ್ಕೂಟರಿನಲ್ಲಿ ಹಾಡು ಗುನುಗಿಕೊಂಡು ಮನೆಗೆ ಹೋದ. ಅವನಿಗೆ ಹಾಡು ಬರುವುದಿಲ್ಲ.

ಚಳಿ ಶುರುವಾಯಿತು. ಬೀಗಿತ್ತಿಗೆ ಸಂಜೆಯಾದರೆ ತಲೆನೋವು ಬರುತ್ತಿದೆ, ಕನ್ನಡಕ ಬದಲಾಯಿಸಿದರೂ ಹೋಗಿಲ್ಲ ಎಂದು ಹೆಂಡತಿ ಸುದ್ದಿ ತಂದಳು. "ಬೇರೆಯವರ ಕಾಲರ್ ನೋಡೋದು ಕಡಿಮೆ ಮಾಡಿದರೆ ಹೋಗುತ್ತೆ" ಎಂದು ಲೆವೆಲ್ಲಣ್ಣ ಖುಷಿಯಾಗಿಯೇ ಹೇಳಿದ. ಮಗಳು ಒಂದು ದಿನ ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ, ಪುಟ್ಟ ಕೋಣೆಯ ಕಿಟಕಿ ಗಾಜಿನ ಮೇಲೆ ದಿನಾ ನೀರು ಹನಿಕಟ್ಟುತ್ತದೆ ಎಂದಳು. ಚಳಿಗೆ ಎಲ್ಲರ ಮನೆಯಲ್ಲೂ ಕಟ್ಟುತ್ತದೆ ಎಂದ. ಅವಳು ಮತ್ತೆ ಹೇಳಿದಳು:

"ನಾನು ಬಾಯ್ಲರ್ ಹಾಕಿದಾಗೆಲ್ಲ ಆ ಕಿಟಕಿ ತೆಗೆದಿಡ್ತೀನಿ ಅಪ್ಪ. ಅತ್ತೆ ಬೈತಾರೆ. ಮಗೂಗೆ ಶೀತ ಆಗುತ್ತೆ, ಮುಚ್ಚು ಅಂತಾರೆ. ತೆಗೆದಿಡೋದು ಒಳ್ಳೇದಲ್ವಾ?"

ಲೆವೆಲ್ಲಣ್ಣನಿಗೆ ಕೇಳಿಸಿದ್ದು ಅತ್ತೆ ಸೊಸೆಯ ಜಗಳ ಮಾತ್ರ. ತನ್ನಿಂದ ಈಗಷ್ಟೇ ಸರಿಹೋದ ಬೀಗತನ ಇವಳಿಂದ ಕೆಡಬಾರದು ಎಂದು, "ದೊಡ್ಡವರು ಹೇಳಿದ ಹಾಗೆ ಕೇಳಮ್ಮ. ಕಿಟಕಿ ಮುಚ್ಚು. ಏನಾಗಲ್ಲ" ಎಂದು ಬುದ್ಧಿ ಹೇಳಿದ.

"ನೀನು ಹೇಳ್ತಿದ್ದೀಯಲ್ಲ, ಸರಿ" ಎಂದಳು ಮಗಳು.

ಅದಾಗಿ ಕೆಲವು ದಿನಗಳ ಮೇಲೆ ಲೆವೆಲ್ಲಣ್ಣ ಊರಿನ ಇನ್ನೊಂದು ಕೊನೆಯಲ್ಲಿ, ಹೊಸದಾಗಿ ಕಟ್ಟಿದ ಮನೆಯೊಂದರಲ್ಲಿ ಬಾಯ್ಲರ್ ಕೂರಿಸುತ್ತಿದ್ದ. ಮನೆ ಯಜಮಾನ ಒಳ್ಳೆಯ ಕೇಳುಗ. ಹೊಗೆ ಪೈಪು ಯಾಕೆ ಏರು ಎಂದು ಅವನೇ ಕೇಳಿದ. ಕೇಳಬೇಕೇ, ಲೆವೆಲ್ಲಣ್ಣ ಏಣಿಯ ಮೇಲೆ ನಿಂತೇ ಬೆರಳೆತ್ತಿ ಭಾಷಣ ಶುರುಮಾಡಿದ.

"ಎಷ್ಟೋ ಜನ ಅಂದ ನೋಡ್ತಾರೆ ಸಾರ್, ಪ್ರಾಣ ನೋಡಲ್ಲ. ಪೈಪು ಮಟ್ಟಸ ಆದರೆ ಹೊಗೆ ವಾಪಸು ಬರುತ್ತೆ. ಗೊತ್ತೇ ಆಗಲ್ಲ. ಆದರೆ ಗುರುತು ಇರುತ್ತೆ. ಕಿಟಕಿ ಗಾಜಿನ ಮೇಲೆ ದಿನಾ ನೀರು ಹನಿಕಟ್ಟುತ್ತೆ. ಮನೇಲಿ ಕೂತು ಕೆಲಸ ಮಾಡೋರಿಗೆ ಸಂಜೆ ಆದರೆ ತಲೆನೋವು. ಕನ್ನಡಕ ಬದಲಾಯಿಸಿದರೂ..."

ಅಲ್ಲಿಗೆ ಅವನ ಮಾತು ನಿಂತಿತು. ಭಾಷಣದಲ್ಲಿ ಕನ್ನಡಕ ಯಾವತ್ತೂ ಇರಲಿಲ್ಲ.

ಇಷ್ಟು ವರ್ಷ ಊರಿಗೆಲ್ಲ ಹೇಳಿದ ಮಾತನ್ನು ಮೊದಲ ಸಲ ತಾನು ಕೇಳಿಸಿಕೊಂಡಿದ್ದ. ಹೇಳೋದು ವೇದಾಂತ, ತಿನ್ನೋದು ಬದನೇಕಾಯಿ ಎನ್ನುವ ಗಾದೆ ತನ್ನನ್ನೇ ನೋಡಿ ಕಟ್ಟಿದ್ದೆಂದು ಈಗಲೂ ಅವನು ಹೇಳುತ್ತಾನೆ. ಕಿಟಕಿ ಮುಚ್ಚು ಎಂದವನೂ ತಾನೇ. ಏಣಿಯಿಂದ ಇಳಿದನೋ ಬಿದ್ದನೋ ನೆನಪಿಲ್ಲ, ಮಗಳಿಗೆ ಫೋನು ಮಾಡಿದ.

ಫೋನು ಎತ್ತಿದವರು ಬೀಗಿತ್ತಿ. "ಅವಳು ಮಗೂಗೆ ಸ್ನಾನ ಮಾಡಿಸ್ತಿದ್ದಾಳೆ ಬೀಗರೇ. ಬಾಯ್ಲರ್ ಹಾಕಿದ್ದೀವಿ."

ಮಗಳು, ಮೊಮ್ಮಗಳು, ಮುಚ್ಚಿದ ಬಚ್ಚಲು, ಪಕ್ಕದಲ್ಲಿ ಉರಿಯುವ ಬಾಯ್ಲರ್. ಇಷ್ಟೆಲ್ಲ ಕಣ್ಣ ಮುಂದೆ ಬಂದರೂ ಲೆವೆಲ್ಲಣ್ಣನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ಏನಿಲ್ಲ, ಸ್ವಲ್ಪ ಸರ್ವಿಸ್ ಬಾಕಿ ಇದೆ. ಬಾಯ್ಲರ್ ಆಫ್ ಮಾಡಿಬಿಡಿ." ಜಟ್ಟಿ ಬಿದ್ದಿದ್ದಾನೆ, ಮೀಸೆ ಮಾತ್ರ ಮಣ್ಣಾಗಬಾರದು.

"ಆಗಲಿ. ಮಗೂದು ಮುಗೀಲಿ, ಆಮೇಲೆ ಮಾಡ್ತೀನಿ. ಅರ್ಧಕ್ಕೆ ತಣ್ಣೀರು ಹುಯ್ಯೋಕಾಗುತ್ತಾ?"

ಆಗ ಮೀಸೆ ಮಣ್ಣಾಯಿತು. "ಬೀಗಿತ್ತಿಯವರೇ, ನಾನು ತಪ್ಪು ಮಾಡಿದ್ದೀನಿ" ಎಂದ. "ಪೈಪು ತಪ್ಪು ಹಾಕಿದ್ದೀನಿ. ವಿಷದ ಹೊಗೆ ಮನೆ ಒಳಗೆ ಬರ್ತಿದೆ. ಮೊದಲು ಆಫ್ ಮಾಡಿ. ಮಗೂನ ಹೇಗಿದೆಯೋ ಹಾಗೆ ಎತ್ಕೊಂಡು ಮೂರು ಜನವೂ ಹೊರಗೆ ಬನ್ನಿ. ಕೈ ಮುಗೀತೀನಿ."

ಫೋನು ಎಲ್ಲೋ ಬಿದ್ದ ಸದ್ದು, ಬಾಗಿಲು ಬಡಿದ ಸದ್ದು, ಮೊಮ್ಮಗಳು ಗಂಟಲು ಹರಿಯುವಂತೆ ಅತ್ತ ಸದ್ದು. ಕೂಸು ಅಳುವುದನ್ನು ಕೇಳಿ ಅಷ್ಟು ಸಂತೋಷಪಟ್ಟ ಅಜ್ಜ ಇನ್ನೊಬ್ಬ ಇರಲಾರ.

ಅವನು ಹೋಗುವಷ್ಟರಲ್ಲಿ ಮೂವರೂ ಬೀದಿಯಲ್ಲಿದ್ದರು. ಕೂಸು ಟವೆಲಿನಲ್ಲಿ, ಮಗಳು ಒದ್ದೆ ಸೀರೆಯಲ್ಲಿ, ಬೀಗಿತ್ತಿ ಪಕ್ಕದ ಮನೆಯ ಮೆಟ್ಟಿಲ ಮೇಲೆ ಹಣೆ ಹಿಡಿದುಕೊಂಡು. ನೆರೆಹೊರೆಯವರೆಲ್ಲ ನಿಂತು ನೋಡುತ್ತಿದ್ದರು. ಲೆವೆಲ್ಲಣ್ಣ ಯಾವ ವಿವರಣೆಗೂ ಹೋಗದೆ ಮೂವರನ್ನೂ ಆಟೋ ಹತ್ತಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಯಾರಿಗೂ ಅಪಾಯವಿಲ್ಲ, ಇನ್ನೂ ಕೆಲವು ದಿನ ಹೀಗೇ ಬಿಟ್ಟಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಯಾರು ಹಾಕಿದ್ದು ಆ ಬಾಯ್ಲರ್ ಎಂದೂ ಕೇಳಿದರು. "ಒಬ್ಬ ಪೆದ್ದ" ಎಂದು ಲೆವೆಲ್ಲಣ್ಣನೇ ಉತ್ತರ ಕೊಟ್ಟ.

ವಾಪಸು ಬಂದ ಮೇಲೆ ಮನೆಗೆಲ್ಲ ಗಾಳಿಯಾಡಿಸಿ, ಮಗಳನ್ನೂ ಕೂಸನ್ನೂ ಹೊರಗೇ ಕೂರಿಸಿದ. ಬೀಗಿತ್ತಿ ಮಾತ್ರ ನೋಡಲೇಬೇಕು ಎಂದು ಪುಟ್ಟ ಕೋಣೆಯ ಬಾಗಿಲಲ್ಲಿ ನಿಂತರು. ಕಿಟಕಿ ಮುಚ್ಚಿ, ಒಳಗಿನ ಗಾಳಿಯನ್ನು ಹೊರಗೆಳೆಯುವ ಅಡುಗೆಮನೆಯ ಫ್ಯಾನ್ ಹಾಕಿ, ಬಾಯ್ಲರ್ ಹೊತ್ತಿಸಿ, ಕ್ಷಣಹೊತ್ತು ಬೆಂಕಿಕಡ್ಡಿಯ ಹೊಗೆ ಹಿಡಿದ. ಹೊಗೆ ಪೈಪಿನ ಬಾಯಿಯವರೆಗೆ ಹೋಗಿ, ಅಲ್ಲಿಂದ ತಿರುಗಿ, ನೆಟ್ಟಗೆ ಅವನ ಮುಖಕ್ಕೇ ಬಂತು. ತಕ್ಷಣ ಬಾಯ್ಲರ್ ಆರಿಸಿ ಕಿಟಕಿ ತೆರೆದ. ಇನ್ನು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಕೆಳಗಿನ ತೂತಿಗೆ ಸಿಮೆಂಟು ಮೆತ್ತಿ, ಮೇಲಿನದನ್ನು ಮತ್ತೆ ಒಡೆದು, ಪೈಪನ್ನು ಏರಿಸಿದ. ಅಭ್ಯಾಸಬಲದಿಂದ ಕೈ ಲೆವೆಲ್ಲನ್ನು ಪೈಪಿನ ಮೇಲಿಟ್ಟಿತು. ಗುಳ್ಳೆ ಓಡಿಹೋಗಿ ಒಂದು ಮೂಲೆಗೆ ಅಂಟಿಕೊಂಡಿತು. ಇನ್ನೊಮ್ಮೆ ಕಿಟಕಿ ಮುಚ್ಚಿ, ಬಾಯ್ಲರ್ ಹೊತ್ತಿಸಿ ಕಡ್ಡಿ ಗೀರಿದಾಗ ಹೊಗೆಯೆಲ್ಲ ಪೈಪಿನೊಳಗೆ ಹತ್ತಿ ಹೋಯಿತು.

ಬೀಗಿತ್ತಿ ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದರು.

"ಬೀಗರೇ, ಅವತ್ತು ನಾನು ಸೊಟ್ಟ ಇದೆ ಅಂದೆ. ತಪ್ಪಿದೆ ಅನ್ನಲಿಲ್ಲ" ಎಂದರು. ಧ್ವನಿಯಲ್ಲಿ ಸಿಟ್ಟಿತ್ತು. "ಅಂಗಿ ತೋಳನ್ನ ನಾವೂ ನೇರ ಕತ್ತರಿಸಲ್ಲ. ನೇರ ಕತ್ತರಿಸಿದರೆ ತೊಟ್ಟವರಿಗೆ ಕೈ ಎತ್ತೋಕಾಗಲ್ಲ. ಇದು ಹೀಗೇ ಇರಬೇಕು ಅಂತ ಒಂದು ಮಾತು ಹೇಳಿದ್ದರೆ ನನಗೆ ಅರ್ಥ ಆಗ್ತಿರಲಿಲ್ವಾ? ನಾನು ಕೇಳಿದ್ದು ನಿಮ್ಮಿಂದ ತಿಳ್ಕೊಳ್ಳೋಣ ಅಂತ."

ಆಕೆ ಕೇಳಿದ್ದರು, ತಾನು ಪರೀಕ್ಷೆ ಎಂದುಕೊಂಡಿದ್ದ. ಲೆವೆಲ್ಲಣ್ಣನಿಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು. ಕೈಯ ಸಿಮೆಂಟು ತೊಳೆಯುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋದ. ಮಗಳು ಹಿಂದೆಯೇ ಬಂದು ತಂಬಿಗೆಯಿಂದ ನೀರು ಹಾಕಿದಳು. ಅವನಿಗೆ ಬೇರೆ ಒಂದು ಮಾತು ಕೊರೆಯುತ್ತಿತ್ತು.

"ನೀನು ಆ ಕಿಟಕಿ ತೆಗೆದಿಡ್ತಿದ್ದೆಯಲ್ಲ, ಯಾಕೆ?"

"ಪೈಪು ಮಲಗಿಸಿದ್ದು ನೋಡಿದ್ದೆನಲ್ಲ ಅಪ್ಪ."

"ಗೊತ್ತಿತ್ತಾ ನಿನಗೆ?"

"ನೀರಿಗೆ ನೇರ, ಹೊಗೆಗೆ ಏರ. ನನಗೆ ಗೊತ್ತಿರಲ್ವಾ?" ಅವಳು ತಂಬಿಗೆಯನ್ನೇ ನೋಡುತ್ತಾ ಹೇಳಿದಳು. "ಅತ್ತೆ ಮುಂದೆ ನಿನಗೆ ಕಡಿಮೆ ಆಗಬಾರದು ಅಂತ ಸುಮ್ಮನಿದ್ದೆ. ಕಿಟಕಿ ತೆಗೆದಿಟ್ಟರೆ ಸಾಕು ಅಂದ್ಕೊಂಡೆ. ಆಮೇಲೆ ಫೋನಲ್ಲಿ ಸುತ್ತಿ ಬಳಸಿ ಕೇಳಿ ನೋಡಿದೆ. ಹಾಕಿದವನೇ ಮುಚ್ಚು ಅಂದ ಮೇಲೆ ನಾನೇ ತಪ್ಪು ತಿಳಿದಿರಬೇಕು ಅನ್ನಿಸಿತು, ಮುಚ್ಚಿದೆ."

"ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತಾ? ಮಗು ಇರೋ ಮನೆ."

"ನೀನು ಅತ್ತೆ ಮುಂದೆ ಬಾಯಿ ಬಿಡಲಿಲ್ಲ. ನಾನು ನಿನ್ನ ಮುಂದೆ ಬಿಡಲಿಲ್ಲ. ನಾನೂ ನಿನ್ನ ಮಗಳೇ ಅಲ್ವಾ ಅಪ್ಪ?"

ತಂಬಿಗೆಯ ನೀರು ಮುಗಿದಿತ್ತು. ಅವನ ಕೈ ಇನ್ನೂ ಚಾಚಿಕೊಂಡೇ ಇತ್ತು.

ಈ ಕಥೆಯನ್ನು ಲೆವೆಲ್ಲಣ್ಣ ಈಗ ಪ್ರತಿ ಗಿರಾಕಿಗೂ ಹೇಳುತ್ತಾನೆ, ಹಳೆಯ ಭಾಷಣದ ಬದಲು ಇದನ್ನೇ. ಕಾಲರಿನ ಕಡೆ ನಗುತ್ತಾನೆ, ಸ್ಕೂಟರಿನ ಹಾಡಿನ ಕಡೆ ನಗುತ್ತಾನೆ, ಏಣಿಯಿಂದ ಇಳಿದದ್ದನ್ನೋ ಬಿದ್ದದ್ದನ್ನೋ ಅಭಿನಯಿಸಿಯೇ ತೋರಿಸುತ್ತಾನೆ. ಮಗಳ ಮಾತಿಗೆ ಬಂದಾಗ ಮಾತ್ರ ಎದ್ದು ಹೋಗಿ, ಗೋಡೆಯ ಮೇಲೆ ನೇರವಾಗಿಯೇ ಇರುವ ಫೋಟೋವನ್ನು ಸರಿಮಾಡುತ್ತಾ ನಿಲ್ಲುತ್ತಾನೆ.